ಸ್ವಂತ ಬಿಲ್ಲೋ, ಏಜೆನ್ಸಿ ಪಗಾರವೋ: ಬೆಳಗಾವಿಯ ಫ್ರೀಲ್ಯಾನ್ಸರ್‌ಗಳಿಗೆ ಒಂದು ಹೋಲಿಕೆ

ಬೆಳಗಾವಿಯಲ್ಲೇ ಕೂತು ಪುಣೆ, ಬೆಂಗಳೂರು, ಹೊರದೇಶದ ಕಂಪನಿಗಳಿಗೆ ಕೆಲಸ ಮಾಡಿಕೊಡುವವರು ಈಗ ಗಲ್ಲಿಗೊಬ್ಬರಾದರೂ ಸಿಗುತ್ತಾರೆ. ಉದ್ಯಮಬಾಗದ ಫೌಂಡ್ರಿಗಳಿಗೆ ಕ್ಯಾಡ್ ಡ್ರಾಯಿಂಗ್ ಹಾಕಿಕೊಡುವವರು, ಕನ್ನಡ-ಮರಾಠಿ-ಇಂಗ್ಲಿಷ್ ಮೂರೂ ಬರುವ ಅನುವಾದಕರು, ಮಹಡಿ ಮೇಲಿನ ಖೋಲಿಯಲ್ಲಿ ವಿಡಿಯೊ ಎಡಿಟ್ ಮಾಡುವವರು, ವಿಟಿಯು ಡಿಗ್ರಿ ಮುಗಿಸಿ ವೆಬ್‌ಸೈಟ್ ಕಟ್ಟುವವರು. ಕೆಲಸ ಒಂದು ಹದಕ್ಕೆ ಬಂತು ಅನ್ನುವಾಗ ಪಾರ್ಟಿ, ಅಂದರೆ ಕೆಲಸ ಕೊಡುವವರ ಕಡೆಯಿಂದ ಈ ಪ್ರಶ್ನೆ ಬಂದೇ ಬರುತ್ತದೆ: "ನಿಮ್ಮ ಹೆಸರಲ್ಲೇ ಬಿಲ್ ಕೊಡ್ತೀರೋ, ಇಲ್ಲಾ ನಮ್ಮ ಏಜೆನ್ಸಿ ಪೇರೋಲ್‌ಗೆ ಬರ್ತೀರೋ?"

ನಾನು ಕ್ಯಾಡ್ ಕೆಲಸದವ. ಎರಡೂ ರೀತಿಯಲ್ಲಿ ದುಡಿದಿದ್ದೇನೆ. ಈ ಪ್ರಶ್ನೆ ಬಂದಾಗ ನಮ್ಮ ಹುಡುಗರು ಮೊದಲು ಕೇಳುವುದು "ಯಾವುದರಲ್ಲಿ ಟ್ಯಾಕ್ಸ್ ಕಮ್ಮಿ?" ಅಂತ. ಅದು ಎರಡನೇ ಪ್ರಶ್ನೆ. ಕೆಲಸ ಇಲ್ಲದ ತಿಂಗಳು ಯಾರ ತಲೆಯ ಮೇಲೆ ಬೀಳುತ್ತದೆ, ದುಡ್ಡು ತಡವಾದರೆ ಯಾರು ತಡೆದುಕೊಳ್ಳಬೇಕು ಅನ್ನುವುದೇ ಮೊದಲನೆಯದು.

ಪೇರೋಲ್ ಅಂದರೆ ಯಾವ ಪೇರೋಲ್?

ಹೋಲಿಕೆಗೆ ಮುಂಚೆ ಇದೊಂದು ಸ್ಪಷ್ಟವಾಗಬೇಕು. ಪೇರೋಲ್ ಅಂತ ಹೇಳಿ ಏಜೆನ್ಸಿಗಳು ಎರಡು ಬೇರೆ ಬೇರೆ ವ್ಯವಸ್ಥೆಗಳನ್ನು ಒಂದೇ ಹೆಸರಲ್ಲಿ ಮಾರುತ್ತವೆ.

ಮೊದಲನೆಯದು ನಿಜವಾದ ಪೇರೋಲ್. ಏಜೆನ್ಸಿ ನಿಮಗೆ ಕೆಲಸದ ನೇಮಕಪತ್ರ ಕೊಡುತ್ತದೆ. ಕಾನೂನಿನ ಪ್ರಕಾರ ನೀವು ಅವರ ನೌಕರರು. ಪಗಾರ ಚೀಟಿ ಬರುತ್ತದೆ, ರಜೆ ಇರುತ್ತದೆ, ಪಗಾರದ ಲೆಕ್ಕದಲ್ಲೇ ಟಿಡಿಎಸ್ (ದುಡ್ಡು ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯುತ್ತಾರೆ.

ಎರಡನೆಯದರಲ್ಲಿ ಏಜೆನ್ಸಿ ನಿಮ್ಮ ಹತ್ತಿರ 'ಕನ್ಸಲ್ಟೆಂಟ್' ಕರಾರಿಗೆ ಸಹಿ ಹಾಕಿಸಿಕೊಳ್ಳುತ್ತದೆ, ಪ್ರತಿ ತಿಂಗಳೂ 10% ಟಿಡಿಎಸ್ ಹಿಡಿದು ಉಳಿದದ್ದನ್ನು ಖಾತೆಗೆ ಹಾಕುತ್ತದೆ. ಪಿಎಫ್ ಇಲ್ಲ, ರಜೆ ಇಲ್ಲ, ಕೆಲಸ ಬಿಡುವಾಗ ಸಿಗುವ ಇಡಿಗಂಟು ಅಂದರೆ ಗ್ರಾಚ್ಯುಟಿ ಇಲ್ಲ. ಇದು ಪೇರೋಲ್ ಅಲ್ಲವೇ ಅಲ್ಲ. ನೀವು ಸ್ವಂತ ವೃತ್ತಿಯವರೇ, ಆದರೆ ಮಧ್ಯೆ ಒಬ್ಬರು ಕಮಿಷನ್ ತಿನ್ನುತ್ತಿದ್ದಾರೆ. ಏಜೆನ್ಸಿ ನಿಮಗೆ ಕೆಲಸ ಹುಡುಕಿ ಕೊಟ್ಟಿದ್ದರೆ ಆ ಕಮಿಷನ್‌ಗೆ ಅರ್ಥವಿದೆ. ಪಾರ್ಟಿ ನಿಮ್ಮದೇ ಆಗಿದ್ದು, ಬರೀ ದುಡ್ಡು ಹಾಯಿಸಲು ಏಜೆನ್ಸಿ ನಡುವೆ ಬಂದಿದ್ದರೆ, ದಯವಿಟ್ಟು ಒಪ್ಪಬೇಡಿ.

ಇದನ್ನು ಕಂಡುಹಿಡಿಯಲು ಒಂದೇ ಪ್ರಶ್ನೆ ಸಾಕು: "ವರ್ಷದ ಕೊನೆಗೆ ನನಗೆ ಫಾರ್ಮ್ 16 ಕೊಡ್ತೀರೋ, 16ಎ ಕೊಡ್ತೀರೋ?" ಇಷ್ಟು ವರ್ಷ ಎಲ್ಲರೂ ಬಳಸಿದ ಹೆಸರುಗಳಿವು. 16 ಪಗಾರದವರಿಗೆ, 16ಎ ಉಳಿದವರಿಗೆ. ಉತ್ತರ ಕೊಡಲು ತಡಬಡಿಸಿದರೆ ಅಲ್ಲೇ ತಿಳಿಯುತ್ತದೆ.

60,000 ರೂಪಾಯಿ ಎಲ್ಲೆಲ್ಲಿ ಹೋಗುತ್ತದೆ

ಪಾರ್ಟಿ ನಿಮ್ಮ ಕೆಲಸಕ್ಕೆ ತಿಂಗಳಿಗೆ 60,000 ಎತ್ತಿಟ್ಟಿದೆ ಅಂದುಕೊಳ್ಳಿ. ಜಿಎಸ್‌ಟಿ ಬದಿಗಿಡೋಣ.

ಸ್ವಂತ ಬಿಲ್ ಕೊಟ್ಟರೆ, ವೃತ್ತಿಪರ ಶುಲ್ಕ ಅಂತ 10% ಟಿಡಿಎಸ್ ಹಿಡಿದು 54,000 ಖಾತೆಗೆ ಬರುತ್ತದೆ. ಕೆಲವರು ಇದನ್ನೇ ಟೆಕ್ನಿಕಲ್ ಸರ್ವಿಸ್ ಅಂತ ಲೆಕ್ಕ ಹಾಕಿ 2% ಮಾತ್ರ ಹಿಡಿಯುತ್ತಾರೆ. ಹಿಡಿದ 6,000 ಕಳೆದುಹೋಗಿಲ್ಲ. ನಿಮ್ಮ ಪ್ಯಾನ್ ಹೆಸರಲ್ಲಿ ಸರ್ಕಾರದ ಹತ್ತಿರ ಇದೆ. ವರ್ಷಕ್ಕೆ 7.2 ಲಕ್ಷ ಬಿಲ್ಲಾಯಿತು. ಎಂಜಿನಿಯರಿಂಗ್, ಆರ್ಕಿಟೆಕ್ಚರ್, ಲೆಕ್ಕಪತ್ರ, ವಕೀಲಿ, ವೈದ್ಯಕೀಯ, ಟೆಕ್ನಿಕಲ್ ಕನ್ಸಲ್ಟೆನ್ಸಿ, ಇಂಟೀರಿಯರ್, ಐಟಿ ಥರದ ವೃತ್ತಿಗಳಿಗೆ ಇದರ ಅರ್ಧವನ್ನೇ ಆದಾಯ ಅಂತ ತೋರಿಸುವ ಸೌಲಭ್ಯವಿದೆ. ಎಲ್ಲರ ಬಾಯಲ್ಲಿ ಇರುವ 44ಎಡಿಎ ಇದೇ. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದು ಸೆಕ್ಷನ್ ನಂಬರು ಬದಲಾಗಿದೆ, ಸೌಲಭ್ಯ ಉಳಿದಿದೆ. ಅರ್ಧ ಅಂದರೆ 3.6 ಲಕ್ಷ. ಹೊಸ ತೆರಿಗೆ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆಯೇ ಇಲ್ಲ. ರಿಟರ್ನ್ ಹಾಕಿದರೆ ಹಿಡಿದ 72,000 ಪೂರ್ತಿ ವಾಪಸ್ ಬರುತ್ತದೆ. ಹಾಕದಿದ್ದರೆ ಬರುವುದಿಲ್ಲ. "ಟ್ಯಾಕ್ಸ್ ಕಟ್ ಆಗಿ ಬಂತಲ್ಲ, ಮುಗೀತು" ಅಂತ ಸುಮ್ನೆ ಕೂತವರು ನಮ್ಮೂರಲ್ಲಿ ಎಷ್ಟೋ ಮಂದಿ ಇದ್ದಾರೆ.

ಈಗ ಅದೇ 60,000 ಏಜೆನ್ಸಿ ಮೂಲಕ. ಅವರ ಚಾರ್ಜು 5,000 ಅಂತಿಟ್ಟುಕೊಳ್ಳಿ. ನಿಮ್ಮ ಸಿಟಿಸಿ, ಅಂದರೆ ನಿಮ್ಮ ಮೇಲೆ ಬೀಳುವ ಒಟ್ಟು ಖರ್ಚು, 55,000 ಅನ್ನುತ್ತಾರೆ. ಪಗಾರ ಚೀಟಿಯನ್ನು ಮೇಲಿನಿಂದ ಕೆಳಗೆ ಓದಿ. ಕಂಪನಿ ಕಡೆಯ ಪಿಎಫ್ 1,800. ಇದು 15,000ದ ಮಿತಿಯ ಮೇಲೆ 12%. ಜೊತೆಗೆ ಪಿಎಫ್ ಆಡಳಿತ ಖರ್ಚು ಮತ್ತು ಅದರ ವಿಮೆ ಸೇರಿ 150. ಇವೆರಡೂ ನಿಮ್ಮ ಸಿಟಿಸಿಯ ಒಳಗೇ ಕೂತಿರುತ್ತವೆ. ಉಳಿದ ಒಟ್ಟು ಪಗಾರ 53,050. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 1,800, ಕರ್ನಾಟಕದ ವೃತ್ತಿ ತೆರಿಗೆ 200 ಹೋಗುತ್ತದೆ. ಫೆಬ್ರವರಿಯಲ್ಲಿ ಮಾತ್ರ ವೃತ್ತಿ ತೆರಿಗೆ 300. ಕೈಗೆ ಬರುವುದು 51,050. ಗ್ರಾಚ್ಯುಟಿಯನ್ನೂ ಸಿಟಿಸಿಯೊಳಗೆ ತುರುಕಿದ್ದರೆ ಇನ್ನೂ ಒಂದು ಸಾವಿರ ಚಿಲ್ಲರೆ ಕಮ್ಮಿ.

ತೆರಿಗೆ? ವರ್ಷದ 6.37 ಲಕ್ಷದಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 5.62 ಲಕ್ಷ ಉಳಿಯುತ್ತದೆ. 12 ಲಕ್ಷದವರೆಗೆ ರಿಬೇಟ್ (ತೆರಿಗೆ ಮನ್ನಾ) ಇರುವುದರಿಂದ ಇಲ್ಲೂ ಸೊನ್ನೆ.

ಅಂದರೆ ಈ ಮಟ್ಟದ ದುಡಿಮೆಯಲ್ಲಿ ತೆರಿಗೆ ಯಾವ ಕಡೆಗೂ ತೂಗುವುದಿಲ್ಲ. ವ್ಯತ್ಯಾಸ ಇರುವುದು ಇಲ್ಲಿ: ಒಂದು ಕಡೆ ತಿಂಗಳಿಗೆ 60,000 ಪೂರ್ತಿ ನಿಮ್ಮದು, ಆದರೆ ಅದರ ಆಚೆ ಏನೂ ಇಲ್ಲ. ಇನ್ನೊಂದು ಕಡೆ 51,050 ಜೊತೆಗೆ 3,600 ಪಿಎಫ್‌ಗೆ ಜಮೆ, ಸಂಬಳ ಸಹಿತ ರಜೆ, ಪ್ರತಿ ತಿಂಗಳೂ ಪಗಾರ.

ಪಿಎಫ್ ಬಗ್ಗೆ ಎರಡು ಮಾತು

ಪೇರೋಲ್ ಅಂದ ಮಾತ್ರಕ್ಕೆ ಪಿಎಫ್ ಇದ್ದೇ ಇರುತ್ತದೆ ಅಂತ ತಿಳಿಯಬೇಡಿ. ಹಿಂದೆ ಪಿಎಫ್ ಸದಸ್ಯರಾಗಿರದೇ, ಪಿಎಫ್ ಲೆಕ್ಕದ ಪಗಾರ 15,000 ದಾಟಿ ಮೊದಲ ಸಲ ಕೆಲಸಕ್ಕೆ ಸೇರುವವರನ್ನು ಪಿಎಫ್‌ನಿಂದ ಹೊರಗಿಡಲು ಅವಕಾಶವಿದೆ. ಹಾಗೆ ಬಿಟ್ಟರೆ ಕೈಗೆ ಜಾಸ್ತಿ ಬರುತ್ತದೆ ಅಂತ ಖುಷಿ ಪಡುವವರಿದ್ದಾರೆ. ಆದರೆ ಪಿಎಫ್ ಇಲ್ಲದ ಪೇರೋಲ್‌ನಲ್ಲಿ ಏಜೆನ್ಸಿಗೆ ಚಾರ್ಜು ಕೊಡುವುದರಲ್ಲಿ ಅರ್ಧ ಅರ್ಥವೇ ಹೋಯಿತು.

ಇನ್ನೊಂದು, ಚೀಟಿಯಲ್ಲಿ ಕಡಿತ ಕಂಡಿತು ಅಂದರೆ ಜಮೆಯಾಯಿತು ಅಂತಲ್ಲ. ಟಿಳಕವಾಡಿಯ ನನ್ನ ಪರಿಚಯದ ಹುಡುಗಿಗೆ ಒಂದು ಏಜೆನ್ಸಿ ತಿಂಗಳುಗಟ್ಟಲೆ ಪಿಎಫ್ ಹಿಡಿದು ಕಟ್ಟಿರಲೇ ಇಲ್ಲ. ಆಕೆ ಯುಎಎನ್ (ಪಿಎಫ್ ಸದಸ್ಯತ್ವದ ನಂಬರು) ಹಾಕಿ ಪಾಸ್‌ಬುಕ್ ತೆಗೆದು ನೋಡಿದಾಗಲೇ ಗೊತ್ತಾದದ್ದು. ಉಮಂಗ್ ಆ್ಯಪ್‌ನಲ್ಲಿ ಇದನ್ನು ನೋಡಬಹುದು. ಎರಡನೇ ಪಗಾರ ಬಂದ ಕೂಡಲೇ ಮೊದಲ ತಿಂಗಳ ಜಮೆ ಬಂದಿದೆಯಾ ನೋಡಿ. ಬಂದಿಲ್ಲ ಅಂದರೆ ಅಂದೇ ಮೇಲ್ ಹಾಕಿ.

ಪಗಾರ 21,000ದೊಳಗೆ ಇರುವವರಿಗೆ ಪೇರೋಲ್‌ನ ಲಾಭ ಇನ್ನೂ ದೊಡ್ಡದು, ಯಾಕೆಂದರೆ ಇಎಸ್‌ಐ ಸಿಗುತ್ತದೆ. ನೌಕರನ ಪಾಲು ಬರೀ 0.75%, ಕಂಪನಿಯದು 3.25%. ಮನೆಮಂದಿಗೆಲ್ಲ ಚಿಕಿತ್ಸೆ, ಕಾಯಿಲೆ ಬಿದ್ದಾಗ ಭತ್ಯೆ. ಡೇಟಾ ಎಂಟ್ರಿ, ಟೈಪಿಂಗ್, ಕಾಲ್ ಮಾಡುವ ಕೆಲಸಕ್ಕೆ ಸೇರುವ ಹುಡುಗ-ಹುಡುಗಿಯರು "ಕನ್ಸಲ್ಟೆಂಟ್" ಅನ್ನುವ ದೊಡ್ಡ ಹೆಸರಿಗೆ ಮರುಳಾಗಿ ಇದನ್ನು ಬಿಡಬಾರದು. ಹೆಂಗಸರಿಗೆ ಇನ್ನೊಂದು ಮುಖ್ಯ ವಿಷಯ. ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ನೌಕರಳಿಗೆ ಮೊದಲ ಎರಡು ಮಕ್ಕಳಿಗೆ ಹೆರಿಗೆ ರಜೆ 26 ವಾರ, ಸಂಬಳ ಸಹಿತ. ಸ್ವಂತ ಬಿಲ್‌ನವರಿಗೆ ಆ ಆರು ತಿಂಗಳು ಆದಾಯವೇ ಇಲ್ಲ. ಮದುವೆಯಾಗಿ, ಮಗುವಿನ ಯೋಚನೆಯಲ್ಲಿರುವ ತಂಗಿಯರು ಕೇಳಿದರೆ ನಾನು ನಿಸ್ಸಂಕೋಚವಾಗಿ ಪೇರೋಲ್ ಅನ್ನುತ್ತೇನೆ.

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳ ಪ್ರಕಾರ ನಿಗದಿತ ಅವಧಿಯ ಕರಾರಿನ ನೌಕರರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಹಕ್ಕು ಬರುತ್ತದೆ. ಮುಂಚೆ ಐದು ವರ್ಷ ಕಾಯಬೇಕಿತ್ತು. ಹಾಗಾಗಿ ಹನ್ನೊಂದು ತಿಂಗಳ ಕರಾರು ಮುಂದಿಟ್ಟರೆ ಅದು ಯಾಕೆ ಹನ್ನೊಂದು ಅಂತ ಬಾಯಿ ಬಿಟ್ಟು ಕೇಳಿ.

ದುಡ್ಡು ಯಾವಾಗ ಬರುತ್ತದೆ

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ವಿಷಯ ಇದು.

ನೌಕರನ ಪಗಾರ ಮುಂದಿನ ತಿಂಗಳ 7ರೊಳಗೆ ಆಗಬೇಕು ಅಂತ ಕಾನೂನೇ ಹೇಳುತ್ತದೆ. ಸ್ವಂತ ಬಿಲ್ ಕೊಟ್ಟವನಿಗೆ ಕೇಳಿಬರುವುದು "ಮುಂದಿನ ವಾರ ನೋಡೂಣ್ರೀ". ಆ ಮುಂದಿನ ವಾರ ಗಣಪತಿ ಹಬ್ಬ ದಾಟಿ ದೀಪಾವಳಿಗೆ ಬಂದು ನಿಲ್ಲುತ್ತದೆ. ಪಾರ್ಟಿ ಕೆಟ್ಟವರು ಅಂತಲ್ಲ. ಅವರಿಗೂ ಮೇಲಿನವರು ಉದ್ರಿ ಹೇಳಿರುತ್ತಾರೆ. ಸರಪಳಿಯ ಕೊನೆಯಲ್ಲಿ ಇರುವವರು ನಾವು, ಅಷ್ಟೇ.

ಇದಕ್ಕೆ ಸ್ವಂತ ವೃತ್ತಿಯವರ ಕೈಯಲ್ಲಿ ಒಂದು ಗಟ್ಟಿ ಕಾನೂನಿದೆ, ಬಳಸುವವರು ಕಮ್ಮಿ. ಆಧಾರ್ ಮತ್ತು ಪ್ಯಾನ್ ಇಟ್ಟುಕೊಂಡು ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ದಿಮೆಗಳ (ಎಂಎಸ್‌ಎಂಇ) ಸರ್ಕಾರಿ ನೋಂದಣಿ, ಮಾಡಿಸಿ. ಪೂರ್ತಿ ಉಚಿತ. ದುಡ್ಡು ಕೇಳುವ ಏಜೆಂಟರ ಹತ್ತಿರ ಹೋಗಬೇಡಿ. ಸೂಕ್ಷ್ಮ ಉದ್ದಿಮೆ ಅಂತ ನಿಮ್ಮ ಹೆಸರು ಬಂದ ಮೇಲೆ, 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಕರಾರಿನಲ್ಲಿ ಎಷ್ಟೇ ದಿನ ಬರೆದಿದ್ದರೂ 45 ದಿನದೊಳಗೆ ದುಡ್ಡು ಕೊಡಬೇಕು. ಕರಾರೇ ಇಲ್ಲದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಇದರ ಜೊತೆಗೆ, ಹೀಗೆ ತಡವಾದ ಬಿಲ್ಲನ್ನು ದುಡ್ಡು ಕೊಡುವ ತನಕ ಪಾರ್ಟಿ ತನ್ನ ತೆರಿಗೆ ಲೆಕ್ಕದಲ್ಲಿ ಖರ್ಚು ಅಂತ ತೋರಿಸುವಂತಿಲ್ಲ. ಮಾರ್ಚ್ ಬಂತೆಂದರೆ ಅವರ ಲೆಕ್ಕಿಗರೇ ನೆನಪು ಮಾಡುತ್ತಾರೆ.

ಆದ್ದರಿಂದ ಬಿಲ್ಲಿನ ಮೇಲೆ ಉದ್ಯಮ್ ನಂಬರು ಅಚ್ಚು ಹಾಕಿಸಿ, ಕೆಳಗೆ ಒಂದು ಸಾಲು: "ಎಂಎಸ್‌ಎಂಇ ಕಾಯ್ದೆ ಪ್ರಕಾರ 45 ದಿನದೊಳಗೆ ಪಾವತಿ." ಸರ್ಕಾರದ ಆನ್‌ಲೈನ್ ಪೋರ್ಟಲ್‌ನಲ್ಲಿ ದೂರು ಕೊಡುವ ದಾರಿಯೂ ಇದೆ. ಆದರೆ ಇದ್ದೂರಲ್ಲಿ ಒಬ್ಬರ ಮೇಲೆ ದೂರು ಕೊಟ್ಟು, ನಾಳೆ ಅವರದೇ ಮನೆ ಮದುವೆಯಲ್ಲಿ ಎದುರಾಗುವುದು ಸುಲಭವಲ್ಲ. ಬಹಳ ಸಲ ಆ ಒಂದು ಸಾಲೇ ಕೆಲಸ ಮಾಡುತ್ತದೆ. ದೂರಿನವರೆಗೆ ಹೋಗುವ ಅವಶ್ಯಕತೆ ಬರುವುದು ಅಪರೂಪ.

ಜಿಎಸ್‌ಟಿ ಬೇಕಾ?

ಸೇವೆಗಳಿಗೆ ವರ್ಷಕ್ಕೆ 20 ಲಕ್ಷದವರೆಗೆ ಬೇಡ. ಬೇರೆ ರಾಜ್ಯದ ಪಾರ್ಟಿಗೆ ಕೆಲಸ ಮಾಡಿದರೂ ಅಷ್ಟೇ. ಕೊಲ್ಹಾಪುರ, ಪುಣೆಗೆ ಕೆಲಸ ಮಾಡುವ ನಮ್ಮ ಕಡೆಯವರು ಇದನ್ನು ಗಟ್ಟಿ ನೆನಪಿಟ್ಟುಕೊಳ್ಳಬೇಕು, ಯಾಕೆಂದರೆ "ರಾಜ್ಯ ದಾಟಿದರೆ ಜಿಎಸ್‌ಟಿ ಕಡ್ಡಾಯ" ಅಂತ ಹೆದರಿಸುವವರು ಬಹಳ. ಅದು ಸರಕು ಮಾರುವವರ ಮಾತು.

ದೊಡ್ಡ ಕಂಪನಿಗಳು ಮಾತ್ರ ಜಿಎಸ್‌ಟಿ ನಂಬರ್ ಇಲ್ಲದವರನ್ನು ಸೇರಿಸಿಕೊಳ್ಳಲು ಹಿಂಜರಿಯುತ್ತವೆ. ಅವರಿಗಾಗಿ ನಂಬರು ತೆಗೆದುಕೊಂಡರೆ ಒಂದು ಪೇಚಿದೆ. 60,000ದ ಬಿಲ್ಲಿಗೆ 18% ಅಂದರೆ 10,800. ಪಾರ್ಟಿ ನಿಮಗೆ ಇನ್ನೂ ಒಂದು ರೂಪಾಯಿ ಕೊಟ್ಟಿರದಿದ್ದರೂ ಮುಂದಿನ ತಿಂಗಳು ಆ 10,800 ನಿಮ್ಮ ಜೇಬಿನಿಂದ ಸರ್ಕಾರಕ್ಕೆ ಹೋಗಬೇಕು. ತಡವಾಗಿ ಕೊಡುವ ಪಾರ್ಟಿಗಳೇ ಜಾಸ್ತಿ ಇದ್ದರೆ ಇದು ಉಸಿರು ಕಟ್ಟಿಸುತ್ತದೆ. ಇಂಥ ಕಡೆ ಏಜೆನ್ಸಿ ಇರುವುದು ನಿಜಕ್ಕೂ ಅನುಕೂಲ, ಆ ಹೊರೆ ಅವರದಾಗುತ್ತದೆ.

ಶಾಲೆ, ಆಸ್ಪತ್ರೆಗಳಿಗೆ ಕೆಲಸ ಮಾಡುವವರಿಗೆ ಲೆಕ್ಕ ತಿರುಗುತ್ತದೆ. ಏಜೆನ್ಸಿ ನಿಮ್ಮ ಪಗಾರ, ತನ್ನ ಚಾರ್ಜು ಎಲ್ಲ ಸೇರಿಸಿ ಅದರ ಮೇಲೆ 18% ಹಾಕುತ್ತದೆ. ಫೌಂಡ್ರಿಯವರು ಆ 18%ನ್ನು ತಮ್ಮ ಜಿಎಸ್‌ಟಿಯಲ್ಲಿ ವಜಾ ಮಾಡಿಕೊಳ್ಳುತ್ತಾರೆ. ಶಿಕ್ಷಣ, ಚಿಕಿತ್ಸೆಗೆ ಜಿಎಸ್‌ಟಿ ಇಲ್ಲದ ಕಾರಣ ಶಾಲೆ, ಆಸ್ಪತ್ರೆಗಳಿಗೆ ಅದು ಬರೀ ಖರ್ಚು. ಇಂಥವರ ಹತ್ತಿರ ದರ ಮಾತಾಡುವಾಗ, ಜಿಎಸ್‌ಟಿ ಇಲ್ಲದ ಸ್ವಂತ ಬಿಲ್ಲಿನವರ ಕೈ ಮೇಲು.

ದುಡಿಮೆ ಬೆಳೆದಾಗ

ತೆರಿಗೆ ತೂಗುವುದು ಇಲ್ಲಿ. ವರ್ಷಕ್ಕೆ 20 ಲಕ್ಷ ಅಂತಿಟ್ಟುಕೊಳ್ಳಿ. ಪಗಾರವಾಗಿ ಬಂದರೆ 75,000 ಕಳೆದು 19.25 ಲಕ್ಷಕ್ಕೆ, 2025-26ರ ದರದಲ್ಲಿ ಸೆಸ್ ಸೇರಿ ತೆರಿಗೆ 1,92,400. ಅದೇ 20 ಲಕ್ಷ ವೃತ್ತಿ ಬಿಲ್ಲಾಗಿ ಬಂದು ಅರ್ಧ ತೋರಿಸಿದರೆ ಆದಾಯ 10 ಲಕ್ಷ, ರಿಬೇಟ್ ಕಳೆದು ತೆರಿಗೆ ಸೊನ್ನೆ. ಈ ಸೌಲಭ್ಯಕ್ಕೆ ಮಿತಿ 50 ಲಕ್ಷ. ನಗದು 5% ದಾಟದಿದ್ದರೆ 75 ಲಕ್ಷ. ಈ ಮಟ್ಟಕ್ಕೆ ಬಂದ ಮೇಲೆ ಪೇರೋಲ್‌ಗೆ ಹೋಗುವವರು ಎರಡು ಸಲ ಯೋಚಿಸಬೇಕು.

ಅನುವಾದ, ಟ್ಯೂಷನ್ ಥರದ ಕೆಲಸಗಳ ಹೆಸರು ಆ ವೃತ್ತಿಗಳ ಪಟ್ಟಿಯಲ್ಲಿಲ್ಲ. ಆ ಕೆಲಸದವರು ಅರ್ಧದ ಲೆಕ್ಕ ತಮಗೂ ಅನ್ವಯಿಸುತ್ತದೆ ಅಂತ ಹಾಕಿಬಿಡಬಾರದು. ಒಬ್ಬ ಚಾರ್ಟರ್ಡ್ ಅಕೌಂಟೆಂಟ್ ಹತ್ತಿರ ಒಂದು ಸಲ ಕೂತು ಬಗೆಹರಿಸಿಕೊಳ್ಳಿ. ಆ ಫೀ ದಂಡವಾಗುವುದಿಲ್ಲ.

ಹೊರದೇಶದ ಪಾರ್ಟಿ ಆದರೆ ಸ್ವಂತ ಬಿಲ್ಲೇ ನನ್ನ ಆಯ್ಕೆ. ಅವರು ಟಿಡಿಎಸ್ ಹಿಡಿಯುವುದಿಲ್ಲ. ಹಾಗಾಗಿ ತೆರಿಗೆ ಬೀಳುವಂತಿದ್ದರೆ, ಅರ್ಧ ಆದಾಯ ತೋರಿಸುವವರು ಮಾರ್ಚ್ 15ರೊಳಗೆ ಅಡ್ವಾನ್ಸ್ ಟ್ಯಾಕ್ಸ್ ತಾವೇ ಕಟ್ಟಬೇಕು. ಜಿಎಸ್‌ಟಿ ನಂಬರು ಇದ್ದವರು ಎಲ್‌ಯುಟಿ ಅನ್ನುವ ಮುಚ್ಚಳಿಕೆ ಪತ್ರ ಹಾಕಿದರೆ ರಫ್ತಿನ ಮೇಲೆ ತೆರಿಗೆ ಕಟ್ಟದೆ ಬಿಲ್ ಕೊಡಬಹುದು. ಆ ಕಂಪನಿ ವರ್ಷಗಟ್ಟಲೆ ಪೂರ್ತಿ ಸಮಯ ಬೇಕು ಅಂದರೆ ಮಾತ್ರ, ಇಲ್ಲಿನ ಏಜೆನ್ಸಿ ಮೂಲಕ ನೌಕರಿ ಕೊಡಿ ಅಂತ ಕೇಳುವುದು ಸರಿ.

ಯಾರೂ ಹೇಳದ ಒಂದು ವಿಷಯ: ಕೆಲಸ ಯಾರದು?

1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ನೌಕರ ಕೆಲಸದ ಭಾಗವಾಗಿ ಮಾಡಿದ ಕೃತಿಯ ಹಕ್ಕು, ಬೇರೆ ಕರಾರು ಇಲ್ಲದಿದ್ದರೆ, ಮಾಲೀಕರದು. ಸ್ವಂತ ವೃತ್ತಿಯವನು ಮಾಡಿದ ಡ್ರಾಯಿಂಗ್, ಬರೆದ ಪ್ರೋಗ್ರಾಮ್, ಅನುವಾದ ಬರವಣಿಗೆಯಲ್ಲಿ ವರ್ಗಾಯಿಸುವ ತನಕ ಅವನದೇ. ಪಾರ್ಟಿಯ ಕರಾರಿನಲ್ಲಿ "ಎಲ್ಲಾ ಹಕ್ಕು ನಮ್ಮದು" ಅಂತ ಇದ್ದರೆ, ಅದರ ಪಕ್ಕ "ಪೂರ್ತಿ ಹಣ ಪಾವತಿಯಾದ ಮೇಲೆ" ಅಂತ ಸೇರಿಸಲು ಕೇಳಿ. ಈ ನಾಲ್ಕು ಪದ ನನಗೆ ಬಾಕಿ ವಸೂಲಿಗೆ ಬಹಳ ನೆರವಾಗಿವೆ. ಪೇರೋಲ್‌ನಲ್ಲಿ ಈ ಅಸ್ತ್ರ ಇರುವುದಿಲ್ಲ. ಅಲ್ಲಿ ಇನ್ನೊಂದು ಸಾಲನ್ನೂ ಹುಡುಕಿ: ಬೇರೆಯವರ ಕೆಲಸ ಮಾಡುವಂತಿಲ್ಲ ಅನ್ನುವ ಷರತ್ತು. ಸಂಜೆ ಹೊತ್ತು ಇನ್ನಿಬ್ಬರು ಪಾರ್ಟಿ ನೋಡುವವರಿಗೆ ಅದು ನೇರ ನಷ್ಟ.

ಹಾಗಾದರೆ ಯಾರಿಗೆ ಯಾವುದು?

ಒಂದೇ ಪಾರ್ಟಿ, ಪೂರ್ತಿ ದಿನದ ಕೆಲಸ, ಆರು ತಿಂಗಳಿಗಿಂತ ಜಾಸ್ತಿ, ಅವರು ಹೇಳಿದ ಹೊತ್ತಿಗೆ ಹಾಜರಿ. ಇದು ನೌಕರಿಯೇ. ಇದಕ್ಕೆ ನೌಕರಿಯ ಸೌಲಭ್ಯ ಕೇಳುವುದು ನಿಮ್ಮ ಹಕ್ಕು. ಪಿಎಫ್ ಸಹಿತ ನಿಜವಾದ ಪೇರೋಲ್ ತೆಗೆದುಕೊಳ್ಳಿ. ಮುಂದಿನ ವರ್ಷ ಮನೆ ಸಾಲ ತೆಗೆಯುವವರಿದ್ದರೂ ಅಷ್ಟೇ. ಪಗಾರದವರಿಗೆ ಬ್ಯಾಂಕು ಕೆಲವು ತಿಂಗಳ ಚೀಟಿ ನೋಡಿ ಮಾತಾಡುತ್ತದೆ, ಸ್ವಂತ ವೃತ್ತಿಯವರ ಹತ್ತಿರ ಎರಡು-ಮೂರು ವರ್ಷದ ರಿಟರ್ನ್ ಕೇಳುತ್ತದೆ. ಅದರಲ್ಲೂ ನೀವು ತೋರಿಸಿದ ಅರ್ಧ ಆದಾಯವನ್ನೇ ಹಿಡಿದು ಸಾಲ ಅಳೆಯುತ್ತದೆ.

ಮೂರ್ನಾಲ್ಕು ಪಾರ್ಟಿ ಇದ್ದು, ಆರು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿ ಇದ್ದರೆ ಸ್ವಂತ ಬಿಲ್ಲೇ ಮೇಲು. ಆದರೆ ದರ ಹೇಳುವಾಗ ಅದೇ ಕೆಲಸದ ಪಗಾರಕ್ಕಿಂತ ಕನಿಷ್ಠ ಮೂರನೇ ಒಂದು ಭಾಗ ಜಾಸ್ತಿ ಕೇಳಿ. ರಜೆ, ಖಾಲಿ ತಿಂಗಳು, ಲ್ಯಾಪ್‌ಟಾಪ್, ಕರೆಂಟು, ಆರೋಗ್ಯ ವಿಮೆ ಎಲ್ಲ ಅದರಲ್ಲೇ ಬರಬೇಕು ಅಲ್ವಾ? 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ. ವಿಮೆ ಮಾಡಿಸದೆ ಸ್ವಂತ ಬಿಲ್ಲಿಗೆ ಇಳಿಯಬೇಡಿ. ಮುಪ್ಪಿಗೆ ಅಂತ ಪಿಪಿಎಫ್ ಅಥವಾ ಎನ್‌ಪಿಎಸ್ ಒಂದನ್ನಾದರೂ ಆಟೊ ಡೆಬಿಟ್‌ಗೆ ಹಾಕಿ, ಬಿಲ್ ಬಂದ ಮರುದಿನವೇ ಹೋಗುವ ಹಾಗೆ.

ವರ್ಷದ ನಡುವೆ ಒಂದರಿಂದ ಇನ್ನೊಂದಕ್ಕೆ ದಾಟಲು ಅಡ್ಡಿಯಿಲ್ಲ. ಪಗಾರದ ಜೊತೆಗೆ ಅರ್ಧ ತೋರಿಸುವ ವೃತ್ತಿ ಆದಾಯವೂ ಇದ್ದು, ಒಟ್ಟು ಆದಾಯ 50 ಲಕ್ಷದೊಳಗೆ ಇದ್ದರೆ ಐಟಿಆರ್-4 ಒಂದರಲ್ಲೇ ಎರಡನ್ನೂ ತೋರಿಸಬಹುದು. ಹೊಸ ಏಜೆನ್ಸಿಗೆ ಸೇರುವಾಗ ಹಳೆಯ ಯುಎಎನ್ ನಂಬರನ್ನೇ ಕೊಡಿ. ಎರಡನೆಯದು ಮಾಡಿಸಿಕೊಂಡರೆ ಹಳೆಯ ಪಿಎಫ್ ಅಲ್ಲೇ ಸಿಕ್ಕಿಹಾಕಿಕೊಂಡು, ಅದನ್ನು ಸೇರಿಸಲು ಮತ್ತೆ ಓಡಾಟ ಬೀಳುತ್ತದೆ.